ಕ್ರೇನಕ್ಕನ ಚೋಟಿ

ನೂರ ಹದಿನಾಲ್ಕು ಕಬ್ಬಿಣದ ಮೆಟ್ಟಿಲು ಹತ್ತಿದರೆ ಒಂದು ಗಾಜಿನ ಗೂಡು ಸಿಗುತ್ತದೆ. ಅದರಲ್ಲಿ ಒಬ್ಬರು ಕೂರಬಹುದು; ಇನ್ನೊಬ್ಬರು ಬಂದರೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ. ಕಾಲ ಕೆಳಗೂ ಗಾಜೇ. ಅಲ್ಲಿಂದ ಬಗ್ಗಿ ನೋಡಿದರೆ ಲಾರಿಗಳು ಬೆಂಕಿಪೊಟ್ಟಣ, ಮನುಷ್ಯರು ಎಳ್ಳುಕಾಳು. ಹಡಗಿನಲ್ಲಿ ಬಂದ, ಒಂದೊಂದೂ ಒಂದು ಮನೆಯಷ್ಟಿರುವ ಕಬ್ಬಿಣದ ಪೆಟ್ಟಿಗೆಗಳನ್ನು ಲಾರಿಯ ಬೆನ್ನಿನಿಂದ ಎತ್ತಿ ಅಂಗಳದಲ್ಲಿ ಒಂದರ ಮೇಲೊಂದು ಪೇರಿಸುವುದು ಕ್ರೇನಕ್ಕನ ಕೆಲಸ. ಹದಿಮೂರು ವರ್ಷದಿಂದ ಮಾಡುತ್ತಿದ್ದಾಳೆ. ಅವಳ ಕೈಯಲ್ಲಿ ಒಂದು ಬಟ್ಟಲೂ ಒಡೆದಿಲ್ಲ ಎನ್ನುತ್ತಾರೆ ಅಂಗಳದವರು. ಒಮ್ಮೆ ಪೆಟ್ಟಿಗೆಯ ತುಂಬ ಪಿಂಗಾಣಿ ಬಟ್ಟಲುಗಳೇ ಇದ್ದವಾದ್ದರಿಂದ ಅದು ಬರೀ ಬಾಯಿಮಾತಿನ ಹೊಗಳಿಕೆಯಲ್ಲ.

ಇಂಥ ಹೆಂಗಸು ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ, ಸೋಫಾ ರಿಪೇರಿಯ ಕಾರ್ಖಾನೆಯೊಂದರಲ್ಲಿ, ಮೋಟು ಸ್ಟೂಲಿನ ಮೇಲೆ ಕೂತು, ಮೇಜಿನ ಅಂಚಿಗೆ ಗಲ್ಲ ತಾಗಿಸಿಕೊಂಡು, ಎಂಟು ವರ್ಷದ ಹುಡುಗಿಯಾಗುತ್ತಿದ್ದಳು. ಆಗ ಅವಳಿಗೆ ನಲವತ್ತನಾಲ್ಕು. ಅವಳ ತಾಯಿಗೆ ಇದೊಂದು ಮುಗಿಯದ ತಮಾಷೆ. ಮದುವೆಯ ವಯಸ್ಸಿನಲ್ಲಿ ಮದುವೆ ಬೇಡ ಎಂದು ಹಟ ಹಿಡಿದಳು, ಈಗ ನೋಡಿದರೆ ಮದುವೆಯ ವಯಸ್ಸೇ ಬಂದಿಲ್ಲ ಎನ್ನುತ್ತಿದ್ದಾಳೆ ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಒಬ್ಬರು ಒಂದು ಲೋಕವನ್ನು ಕಟ್ಟಿ ಹೇಳುತ್ತಾ ಹೋಗುತ್ತಾರೆ: ಇಲ್ಲಿ ಕಾಡಿದೆ, ಅಲ್ಲಿ ಸೇತುವೆ, ಸೇತುವೆಯ ಕೆಳಗೆ ಏನೋ ಉಸಿರಾಡುತ್ತಿದೆ. ಉಳಿದವರು ತಲಾ ಒಂದು ಪಾತ್ರವನ್ನು ಹೊತ್ತು, ನಾನು ಹೀಗೆ ಮಾಡುತ್ತೇನೆ, ಹಾಗೆ ಹೇಳುತ್ತೇನೆ ಎನ್ನುತ್ತಾರೆ. ಮಾಡಿದ್ದು ಕೈಗೂಡಿತೋ ಇಲ್ಲವೋ ಎಂದು ಹೇಳುವುದು ದಾಳ. ಪಾತ್ರದ ವಯಸ್ಸು, ಬಲ, ಜೀವ ಎಷ್ಟು ಎಂಬುದೆಲ್ಲ ಒಂದು ಹಾಳೆಯಲ್ಲಿ ಬರೆದಿರುತ್ತದೆ. ಹಾಳೆ, ಪೆನ್ಸಿಲ್, ದಾಳ, ಬಾಯಿ, ಇಷ್ಟಿದ್ದರೆ ಸಾಕು. ಚಹಾ ಇದ್ದರೆ ಇನ್ನೂ ಒಳ್ಳೆಯದು.

ಲೋಕ ಕಟ್ಟುತ್ತಿದ್ದವರು ಹೈಸ್ಕೂಲಿನ ಗಣಿತದ ಮೇಷ್ಟ್ರು. ಕಾರ್ಖಾನೆಯ ಒಡೆಯ ಸೋಫಾದಣ್ಣ, ಸ್ವತಃ ಇರುವೆ ಕಚ್ಚಿದರೆ ಊರಿಗೆ ಕೇಳುವಂತೆ ಕೂಗುವವನು, ಆಟದಲ್ಲಿ ಯಾರಿಗೂ ಬಗ್ಗದ ದೈತ್ಯ ಯೋಧ. ಔಷಧಿ ಅಂಗಡಿಯ ಹೆಂಗಸಿಗೆ ಎಲ್ಲರೂ ಮಾತ್ರೆ ಮೇಡಂ ಎನ್ನುತ್ತಿದ್ದರು. ಆಕೆ ಮದ್ದು ಮಂತ್ರ ಎರಡೂ ಬಲ್ಲ ಮುದುಕಿ. ಕ್ರೇನಕ್ಕನ ತಂಗಿ ಬಿಲ್ಲುಗಾರ್ತಿ. ವಾರವಿಡೀ ಮಗುವಿನ ಹಿಂದೆ ಓಡಿ ಓಡಿ ಸಾಕಾದವಳಿಗೆ ವಾರಕ್ಕೊಂದು ಸಲ ಯಾವುದಕ್ಕಾದರೂ ಗುರಿಯಿಟ್ಟು ಹೊಡೆಯುವುದೆಂದರೆ ಪರಮಸುಖ.

ಅಕ್ಕನನ್ನು ಎಳೆದು ತಂದವಳೂ ಇವಳೇ. ಅದು ಆರು ವರ್ಷದ ಹಿಂದಿನ ಮಾತು. ಅಕ್ಕನ ಎತ್ತರ, ಧ್ವನಿ, ಕ್ರೇನ್ ಹಿಡಿದ ಕೈ ನೋಡಿ ಇವಳೂ ಯೋಧೆಯೇ ಆಗುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು. ಕ್ರೇನಕ್ಕ ಖಾಲಿ ಹಾಳೆಯನ್ನು ಮುಂದಿಟ್ಟುಕೊಂಡು, ಮೇಷ್ಟ್ರು ಹೇಳಿದ ಲೋಕದ ವಿವರವನ್ನೆಲ್ಲ ಕಿವಿಗೊಟ್ಟು ಕೇಳಿ, ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ.

“ಇಷ್ಟೊಂದು ಜನ ಇದ್ದೀರಿ. ಇಡೀ ಲೋಕದಲ್ಲಿ ಒಂದು ಮಗುನೂ ಇಲ್ವಾ?”

ಮೇಷ್ಟ್ರು ತಮ್ಮ ಟಿಪ್ಪಣಿ ತಿರುವಿ ಹಾಕಿದರು. ರಾಜರಿದ್ದರು, ರಾಕ್ಷಸರಿದ್ದರು, ಮಾತಾಡುವ ಕುದುರೆಯಿತ್ತು. ಮಗು ಇರಲಿಲ್ಲ. ಮಕ್ಕಳಿಲ್ಲದ ಊರನ್ನು ಯಾರಿಗೋಸ್ಕರ ಕಾಪಾಡುತ್ತಿದ್ದೀರಿ ಎಂದು ಗೊಣಗಿಕೊಂಡು ಅವಳು ವಯಸ್ಸಿನ ಜಾಗದಲ್ಲಿ ಎಂಟು ಎಂದು ಬರೆದಳು. ಚೋಟುದ್ದ ಇರುವವಳಿಗೆ ಚೋಟಿ ಎಂದು ಹೆಸರಿಟ್ಟವನು ಸೋಫಾದಣ್ಣ.

ಆಮೇಲೆ ಆಗಾಗ ಯಾರಾದರೂ ಬಂದು, ಪಾಪ, ಬಾಲ್ಯ ಕಷ್ಟದಲ್ಲಿ ಹೋಗಿರಬೇಕು, ಅದಕ್ಕೇ ಈಗ ಆಡುತ್ತಿದ್ದಾಳೆ ಎಂದು ಮರುಕಪಡುವುದಿತ್ತು. ಕ್ರೇನಕ್ಕನ ಬಾಲ್ಯ ಸೊಗಸಾಗಿಯೇ ಇತ್ತು. ಮರ ಹತ್ತಿದ್ದಳು, ಎರಡು ಹಲ್ಲು ಮುರಿದುಕೊಂಡಿದ್ದಳು, ಬೇಕಾದಷ್ಟು ಏಟು ಕೊಟ್ಟಿದ್ದಳು, ತಿಂದಿದ್ದಳು. ಕೇಳಿದವರಿಗೆ ಅವಳ ಉತ್ತರ ಒಂದೇ: ವಾರವೆಲ್ಲ ಕುತ್ತಿಗೆ ಬಗ್ಗಿಸಿ ಕೆಳಗೆ ನೋಡುತ್ತೇನೆ, ಭಾನುವಾರ ಕುತ್ತಿಗೆ ಎತ್ತಿ ಮೇಲೆ ನೋಡಿದರೆ ನೋವು ಇಳಿಯುತ್ತದೆ.

ಮೊದಲ ದಿನ ಎಲ್ಲರೂ ತೊದಲು ಮಾತು ಕೇಳಲು ಕಾದು ಕೂತಿದ್ದರು. ಅವಳು ತೊದಲಲಿಲ್ಲ, ಮುದ್ದುಗರೆಯಲಿಲ್ಲ, ಧ್ವನಿಯನ್ನು ಸಣ್ಣ ಮಾಡಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ, ಕಾಲಿಡುವ ಮೋಟು ಸ್ಟೂಲನ್ನು ಎಳೆದುಕೊಂಡು ಕೂತಳು, ಅಷ್ಟೇ. ಅಂದಿನಿಂದ ಅದೇ ಪದ್ಧತಿಯಾಯಿತು. ಸ್ಟೂಲಿನ ಮೇಲಿದ್ದಾಗ ಅವಳು ಚೋಟಿ. ಕ್ರೇನಕ್ಕನಾಗಿ ಏನಾದರೂ ಹೇಳಬೇಕಾದರೆ ಎದ್ದು ನಿಲ್ಲುತ್ತಿದ್ದಳು. ಸ್ಟೂಲಿನ ಮೇಲಿಂದ ಅವಳಿಗೆ ಮೇಜಿನ ನಡುವಿನ ನಕಾಶೆ ಕಾಣುತ್ತಿರಲಿಲ್ಲ. ಎಲ್ಲರ ಮೊಣಕೈ, ಗಲ್ಲದ ಕೆಳಭಾಗ, ಮೂಗಿನ ಹೊಳ್ಳೆ ಕಾಣುತ್ತಿದ್ದವು. ಮಕ್ಕಳಿಗೆ ನಾವು ಕಾಣುವುದೇ ಹಾಗೆ ಎಂದು ಮಾತ್ರೆ ಮೇಡಂಗೆ ಹೊಳೆದದ್ದು ಆಗ. ಅಂದಿನಿಂದ ಅಂಗಡಿಗೆ ಮಗು ಬಂದರೆ ಆಕೆ ಕೌಂಟರಿನಿಂದ ಈಚೆ ಬಂದು ಕುಕ್ಕರಗಾಲಿನಲ್ಲಿ ಕೂತು ಮಾತಾಡಿಸುತ್ತಾರೆ.

ಚೋಟಿಯ ಹಾಳೆಯಲ್ಲಿ ಆಯುಧ ಇರಲಿಲ್ಲ. ಜೇಬಿನಲ್ಲಿ ಒಂದು ಹುರಿ, ಒಂದು ಹಿತ್ತಾಳೆ ಗುಂಡಿ, ಅರ್ಧ ಬಳಪ, ಹೆಸರಿಟ್ಟು ಸಾಕಿದ್ದ ಒಂದು ಕಲ್ಲು. ಅವಳಿಗೆ ಓದಲು ಬರುತ್ತಿರಲಿಲ್ಲ. ಇಲ್ಲಿದೆ ಕ್ರೇನಕ್ಕನ ಶಿಸ್ತು. ದಿನವಿಡೀ ತೂಕದ ಪಟ್ಟಿ, ಗಾಳಿಯ ವೇಗದ ಪಟ್ಟಿ ಓದುವ ಅವಳು, ಒಮ್ಮೆ ಆಟದಲ್ಲಿ ಸಿಕ್ಕಿದ ಪತ್ರವನ್ನು ಎರಡು ಗಂಟೆ ತಲೆಕೆಳಗಾಗಿ ಹಿಡಿದುಕೊಂಡೇ ಕೂತಿದ್ದಳು. ಅದರಲ್ಲಿ ಬಾಗಿಲು ತೆಗೆಯುವ ಮಾತು ಇತ್ತು. ಅವಳ ಕಣ್ಣ ಮುಂದೆಯೇ ಇತ್ತು. ಹೇಳಲಿಲ್ಲ. ಬಾಗಿಲು ತೆರೆಯದೆ ಹೊರಗೇ ಉಳಿದ ಬಿಲ್ಲುಗಾರ್ತಿಯ ಕುದುರೆ ಸತ್ತಿತು. ತಂಗಿ ಮೂರು ದಿನ ಅಕ್ಕನೊಡನೆ ಮಾತು ಬಿಟ್ಟಳು. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಇರುವುದು ಎಷ್ಟು ಕಷ್ಟ ಎನ್ನುವುದು, ಮಗು ತನ್ನ ಚಪ್ಪಲಿ ತಾನೇ ಹಾಕಿಕೊಳ್ಳಲಿ ಎಂದು ಬಾಗಿಲಲ್ಲಿ ಕಾದು ನಿಂತವರಿಗಷ್ಟೇ ಗೊತ್ತು.

ಇದನ್ನೆಲ್ಲ ಎಲ್ಲಿ ಕಲಿತಳು? ಗಾಜಿನ ಗೂಡಿನಲ್ಲೇ. ಅಂಗಳದ ಗೋಡೆಯಾಚೆ ಒಂದು ಪ್ರಾಥಮಿಕ ಶಾಲೆ. ಲಾರಿ ಬರುವುದು ತಡವಾದಾಗ ಅವಳು ಆಟದ ಬಯಲನ್ನು ನೋಡುತ್ತಿದ್ದಳು. ಮಕ್ಕಳು ನೇರವಾಗಿ ನಡೆಯುವುದೇ ಇಲ್ಲ ಎಂದು ಮೇಲಿನಿಂದ ನೋಡಿದವರಿಗೆ ಗೊತ್ತಾಗುತ್ತದೆ. ಗೇಟಿನಿಂದ ನಲ್ಲಿಯವರೆಗೆ ಹೋಗುವುದಕ್ಕೆ ಬಯಲೆಲ್ಲ ಸುತ್ತಿ, ಎರಡು ಕಡೆ ಬಗ್ಗಿ, ಒಂದು ಕಡೆ ಜಗಳವಾಡಿ, ನೀರು ಕುಡಿಯುವುದನ್ನು ಮರೆತು ಬರುತ್ತವೆ. ಬಿದ್ದ ಮಗು ಮೊದಲು ಅಳುವುದಿಲ್ಲ, ಯಾರು ನೋಡಿದರು ಎಂದು ನೋಡುತ್ತದೆ. ನಿಜವಾಗಿ ಹೆದರಿದ ಮಗು ಕೂಗುವುದೇ ಇಲ್ಲ, ಸುಮ್ಮನಾಗಿಬಿಡುತ್ತದೆ. ಇವೆಲ್ಲ ಚೋಟಿಗೆ ಬಂದವು.

ಹೀಗೆ ಆರು ವರ್ಷ ನಡೆದ ಕಥೆ ಕೊನೆಯ ಕೋಟೆಯ ಬಾಗಿಲಿಗೆ ಬಂದು ನಿಂತಿತು. ಆ ಹೊತ್ತಿಗೇ ಮೇಷ್ಟ್ರ ಮನೆಯಲ್ಲಿ ಹೆಣ್ಣುಮಗು ಹುಟ್ಟಿತು.

ಅಲ್ಲಿಂದ ಮೂರು ಭಾನುವಾರ ಕ್ರೇನಕ್ಕ ಗಮನಿಸಿದಳು. ಮೇಷ್ಟ್ರು ದಾಳ ಹಾಕುವುದು ರಟ್ಟಿನ ಒಂದು ಮರೆಯ ಹಿಂದೆ. ಚೋಟಿಯ ಮೇಲೆ ತೋಳ ಎರಗಿತು, ತಪ್ಪಿತು. ಬಾಣ ಬಂತು, ತಪ್ಪಿತು. ಒಂಬತ್ತು ಸಲ ಎರಗಿದ್ದು ಒಂಬತ್ತು ಸಲವೂ ತಪ್ಪಿತು. ಕೊನೆಯ ಸಲವಂತೂ ದಾಳ ಉರುಳಿ ನಿಲ್ಲುವ ಸದ್ದಿಗೂ ಮೊದಲೇ ಮೇಷ್ಟ್ರು ತಪ್ಪಿತು ಎಂದುಬಿಟ್ಟರು. ಕಣ್ಣಿಗೆ ಕಾಣದ ಭಾರವನ್ನು ಹಗ್ಗದ ಅಲುಗಾಟದಲ್ಲೇ ತಿಳಿಯುವವಳಿಂದ ಇದನ್ನು ಮುಚ್ಚಿಡಲು ಸಾಧ್ಯವೇ? ಅವಳು ಎದ್ದು ನಿಂತು ಕೇಳಿದಳು. ಮೇಷ್ಟ್ರು ಅಡ್ಡಗೋಡೆಯ ಮೇಲೆ ದೀಪವಿಡಲಿಲ್ಲ, ಒಪ್ಪಿಕೊಂಡರು.

“ಆಗ್ತಿಲ್ಲ ಅಕ್ಕ. ಮನೇಲಿ ಅದನ್ನ ಎದೆ ಮೇಲೆ ಮಲಗಿಸ್ಕೊಂಡು, ಇಲ್ಲಿ ಬಂದು ಇದರ ಮೇಲೆ ದಾಳ ಹಾಕು ಅಂದ್ರೆ ಕೈ ಬರ್ತಿಲ್ಲ.”

ಅವರ ಬಳಿ ಒಂದು ಉಪಾಯವೂ ಇತ್ತು. ಕೋಟೆಯ ಹೊರಗೆ ಒಂದು ಬುಗ್ಗೆಯಿದೆ. ಅದರ ನೀರು ಕುಡಿದರೆ ಚೋಟಿ ಒಂದೇ ಏಟಿಗೆ ಹದಿನೆಂಟು ವರ್ಷದವಳಾಗುತ್ತಾಳೆ. ಕೈಗೆ ಕತ್ತಿ ಬರುತ್ತದೆ, ಮೇಷ್ಟ್ರ ಕೈಗೂ ಧೈರ್ಯ ಬರುತ್ತದೆ. ಇಲ್ಲದಿದ್ದರೆ ಚೋಟಿ ಹಳ್ಳಿಯಲ್ಲೇ ಉಳಿಯಬೇಕು. ಬುಗ್ಗೆಯ ವಿವರವನ್ನು ಒಂದು ಚೀಟಿಯಲ್ಲಿ ಬರೆದು ಅವಳ ಮುಂದಿಟ್ಟು, ಮುಂದಿನ ವಾರ ಹೇಳಿ ಎಂದರು. ಬೇರೆಯವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಆರು ವರ್ಷದಿಂದ ಆ ಚೋಟಿಯನ್ನು ಬೆನ್ನ ಮೇಲೆ ಹೊತ್ತು ಹೊತ್ತು ನನ್ನ ಯೋಧನಿಗೆ ಗೂನು ಬಂದಿದೆ ಎಂದ ಸೋಫಾದಣ್ಣ.

ಮನೆಗೆ ಹೋಗುವ ದಾರಿಯಲ್ಲಿ ತಂಗಿ ಸಮಾಧಾನ ಹೇಳಿದಳು. ದೊಡ್ಡವಳಾದರೂ ಹೆಸರು ಅದೇ ಇರುತ್ತದಲ್ಲ, ಜೇಬಿನ ಗುಂಡಿಯೂ ಇರಲಿ. ಕ್ರೇನಕ್ಕನಿಗೆ ಬೇಡ ಎಂಬುದು ಗೊತ್ತು, ಯಾಕೆ ಬೇಡ ಎಂದು ಹೇಳಲು ಬಾಯಿಗೆ ಮಾತು ಸಿಗುತ್ತಿರಲಿಲ್ಲ. ಆ ರಾತ್ರಿ ತಟ್ಟೆಯಲ್ಲಿ ಅನ್ನ ಬಿಟ್ಟಳು. ಮೂವತ್ತು ಟನ್ ಎತ್ತುವವಳು ಒಂದು ಕಾಗದದ ಹುಡುಗಿಗಾಗಿ ಊಟ ಬಿಡುವುದೇ ಎಂದು ತಾಯಿ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಆದರೆ ನಗಲಿಲ್ಲ.

ಮಾತು ಸಿಕ್ಕಿದ್ದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ.

ಕೆಳಗೆ ನಿಂತು ಕೈಸನ್ನೆ ಮಾಡುವವನು ಎತ್ತು ಎಂದ. ಅವಳು ನಿಧಾನ ಎತ್ತಿದಳು. ಪೆಟ್ಟಿಗೆ ಒಂದು ಗೇಣು ಎದ್ದಿತ್ತು, ಅಷ್ಟರಲ್ಲಿ ಕಣ್ಣಂಚಿನಲ್ಲಿ ಒಂದು ಎಳ್ಳುಕಾಳು, ನಿಲ್ಲಿಸು ಎನ್ನುವಂತೆ, ಎರಡೂ ಕೈ ಅಗಲಿಸಿ ನಿಂತದ್ದು ಕಂಡಿತು. ಅಂಗಳ ಗುಡಿಸುವ ಹೆಂಗಸು. ಕ್ರೇನಕ್ಕ ನಿಲ್ಲಿಸಿದಳು. ಕೈಸನ್ನೆಯವನು ಇನ್ನೂ ಎತ್ತು, ಎತ್ತು ಎನ್ನುತ್ತಲೇ ಇದ್ದ. ಅವನು ನಿಂತ ಕಡೆಯಿಂದ ಎಲ್ಲವೂ ಸರಿಯಾಗಿತ್ತು. ಹೆಂಗಸು ನಿಂತ ಕಡೆಯಿಂದ ಮಾತ್ರ ಕಾಣುತ್ತಿದ್ದದ್ದು ಲಾರಿಯ ಹಿಂದಿನ ಚಕ್ರ. ಅದು ನೆಲ ಬಿಡುತ್ತಿತ್ತು. ಪೆಟ್ಟಿಗೆಯನ್ನು ಲಾರಿಗೆ ಬಿಗಿಯುವ ನಾಲ್ಕು ಬೀಗಗಳಲ್ಲಿ ಒಂದು ತೆರೆದಿರಲಿಲ್ಲ. ಇನ್ನೆರಡು ಮೊಳ ಎತ್ತಿದ್ದರೆ ಲಾರಿ, ಅದರೊಳಗಿನ ಡ್ರೈವರ್, ಎಲ್ಲವೂ ಗಾಳಿಯಲ್ಲಿ.

ಗುಡಿಸುವವಳಿಗೆ ಕ್ರೇನ್ ಗೊತ್ತಿಲ್ಲ, ತೂಕ ಗೊತ್ತಿಲ್ಲ. ಆದರೆ ಅಂಗಳದಲ್ಲಿ ಕೆಲಸಕ್ಕೆ ಸೇರುವ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳಿಕೊಡುವ ನಿಯಮ ಒಂದಿದೆ. ಎತ್ತು ಎನ್ನುವ ಹಕ್ಕು ಒಬ್ಬನಿಗೇ. ನಿಲ್ಲಿಸು ಎನ್ನುವ ಹಕ್ಕು ಎಲ್ಲರಿಗೂ. ಹದಿಮೂರು ವರ್ಷದಿಂದ ಪಾಲಿಸಿಕೊಂಡು ಬಂದದ್ದನ್ನು ಕ್ರೇನಕ್ಕ ಆ ಗಾಜಿನ ಗೂಡಿನಲ್ಲಿ ಮೊದಲ ಸಲ ಕೇಳಿದಂತೆ ಕೇಳಿಸಿಕೊಂಡಳು. ಊಟದ ಹೊತ್ತಿಗೆ ಕೆಳಗಿಳಿದು, ಗುಡಿಸುವವಳ ಪಕ್ಕದಲ್ಲಿ ಕೂತು ಡಬ್ಬಿ ಬಿಚ್ಚಿದಳು. ಎರಡು ಮಾತಾಡಿದಳು, ಎರಡು ತುತ್ತು ಹೆಚ್ಚೇ ತಿಂದಳು.

ಭಾನುವಾರ ಅವಳು ಸ್ಟೂಲಿನ ಮೇಲೆ ಕೂರದೆ ನಿಂತೇ ಈ ಕಥೆಯನ್ನು ಹೇಳಿದಳು. ಬುಗ್ಗೆಯ ಚೀಟಿಯನ್ನು ಮೇಷ್ಟ್ರ ಮುಂದಕ್ಕೆ ತಳ್ಳಿದಳು.

“ಚೋಟಿ ಬೆಳೆದ್ರೆ ಕತ್ತಿ ಹಿಡಿಯೋರು ಇನ್ನೊಬ್ಬರು ಆಗ್ತಾರೆ. ಬಗ್ಗಿ ಚಕ್ರ ನೋಡೋರು ಒಬ್ಬರೂ ಇರಲ್ಲ. ಮೇಷ್ಟ್ರೇ, ಅವಳನ್ನ ಹತ್ತೀಲಿ ಸುತ್ತಿ ಇಟ್ರೆ ಅವಳು ಆಟದಲ್ಲಿ ಇದ್ದ ಹಾಗಲ್ಲ. ದಾಳ ಎಲ್ಲರಿಗೂ ಕಾಣೋ ಹಾಗೆ ಹಾಕಿ. ಸತ್ರೆ ನಾನು ಅಳ್ತೀನಿ, ಮನೆಗೆ ಹೋಗ್ತೀನಿ. ಅದು ನನ್ನ ಪಾಲು.”

ಮೇಷ್ಟ್ರು ತುಂಬ ಹೊತ್ತು ಪೆನ್ಸಿಲ್ ಕೆತ್ತಿದರು. ಕೊನೆಗೆ ಒಂದು ಷರತ್ತು ಹಾಕಿದರು. ಈ ಒಂದು ಭಾನುವಾರ ಚೋಟಿ ಇದ್ದ ಹಾಗೇ ಬರಲಿ. ತನ್ನ ಕೈ ಒಂದು ಸಲ ತಡೆದರೂ, ಒಂದು ದಾಳ ಮುಚ್ಚಿಟ್ಟರೂ, ಚೀಟಿ ಅವಳ ಕಡೆಗೆ ವಾಪಸ್. ಕ್ರೇನಕ್ಕ ಒಪ್ಪಿ ಸ್ಟೂಲಿನ ಮೇಲೆ ಕೂತಳು.

ಕೋಟೆಯೊಳಗೆ ಯುದ್ಧವಿರಲಿಲ್ಲ. ಇಷ್ಟು ವರ್ಷ ಊರನ್ನು ಕಾಡಿದ ಕೋಟೆಯ ಒಡೆಯ ಬಾಗಿಲಿಗೇ ಬಂದು ಕರೆದ. ಉದ್ದನೆಯ ಮೇಜು, ನೆಲ ಮುಟ್ಟುವ ಹಾಸುಬಟ್ಟೆ, ಬೆಳ್ಳಿಯ ದೀಪ. ಮಾತು ಬೆಣ್ಣೆ. ಇಷ್ಟು ವರ್ಷದ ಜಗಳ ಸಾಕು, ಒಪ್ಪಂದಕ್ಕೆ ಸಹಿ ಹಾಕಿ, ನಿಮ್ಮ ಊರು ನಿಮಗೆ, ನನ್ನ ಕೋಟೆ ನನಗೆ ಎಂದ. ಮಾತ್ರೆ ಮೇಡಂ ಒಪ್ಪಂದದ ಒಂದೊಂದು ಸಾಲನ್ನೂ ಔಷಧಿ ಚೀಟಿಯ ಹಾಗೆ ಪರೀಕ್ಷೆ ಮಾಡಿದರು. ತಂಗಿ ಗಡಿಯ ಬಗ್ಗೆ ಚೌಕಾಸಿ ಮಾಡಿದಳು. ಎಲ್ಲ ಸರಿಯಾಗಿತ್ತು. ಯೋಧ ಲೇಖನಿ ಕೈಗೆತ್ತಿಕೊಂಡ. ಚೋಟಿಯನ್ನು ಯಾರೂ ಮಾತಾಡಿಸಿರಲಿಲ್ಲ. ದೊಡ್ಡವರ ಮಾತಿನ ನಡುವೆ ಬೇಸರ ಬಂದ ಮಗು ಏನು ಮಾಡುತ್ತದೋ ಅದನ್ನೇ ಅವಳು ಮಾಡಿದಳು.

“ನನ್ನ ಗುಂಡಿ ಬಿತ್ತು,” ಎಂದಳು ಕ್ರೇನಕ್ಕ. “ಮೇಜಿನ ಕೆಳಗೆ ಹೋಗ್ತೀನಿ.”

ಹಾಸುಬಟ್ಟೆ ಎತ್ತಿ ನುಗ್ಗಿದಳು ಎಂದರು ಮೇಷ್ಟ್ರು, ಕತ್ತಲೆ, ಗುಂಡಿ ಅಲ್ಲೇ ಹೊಳೆಯುತ್ತಿದೆ. ಚೋಟಿ ಗುಂಡಿ ಎತ್ತಿಕೊಂಡಳು. ಈಚೆಗೆ ಬರಲಿಲ್ಲ. ಅಲ್ಲೇ ಕೂತು ಕಾಲು ಎಣಿಸಿದಳು. ಯೋಧನ ಬೂಟು ಎರಡು. ಮುದುಕಿಯ ಚಪ್ಪಲಿ ಎರಡು. ಬಿಲ್ಲುಗಾರ್ತಿಯದು ಎರಡು, ಒಂದರ ದಾರ ಬಿಚ್ಚಿದೆ.

“ಅವನ ಕಾಲು ಎಲ್ಲಿ?”

ಮೇಷ್ಟ್ರು ತಮ್ಮ ಟಿಪ್ಪಣಿಯನ್ನು ನೋಡಲಿಲ್ಲ, ನೋಡುವ ಅಗತ್ಯವಿರಲಿಲ್ಲ. ಆ ಒಡೆಯ ಮನುಷ್ಯನೇ ಅಲ್ಲ, ಒಳಗೆ ಏನೂ ಇಲ್ಲದ ನಿಲುವಂಗಿ ಎಂದು ತಿಂಗಳ ಹಿಂದೆಯೇ ಬರೆದಿಟ್ಟಿದ್ದರು. ಮುದುಕಿಯ ಮಂತ್ರದಿಂದ ಬಯಲಾಗಬೇಕಿದ್ದ ಗುಟ್ಟು ಅದು. ಬಗ್ಗಿ ನೋಡಿದರೆ ಸಾಕು ಎಂದು ಅವರಿಗೂ ಹೊಳೆದಿರಲಿಲ್ಲ.

“ಇಲ್ಲ,” ಎಂದರು ನಿಧಾನವಾಗಿ. “ಕಾಲು ಇಲ್ಲ.”

ಕ್ರೇನಕ್ಕ ಕಿರುಚಲಿಲ್ಲ. ಸ್ಟೂಲಿನ ಮೇಲೆ ಆ ದೊಡ್ಡ ದೇಹ ಇದ್ದಕ್ಕಿದ್ದಂತೆ ಸಣ್ಣದಾಯಿತು, ಉಸಿರು ಕೂಡ ಕೇಳದಂತಾಯಿತು. ಒಬ್ಬೊಬ್ಬರಾಗಿ ಎಲ್ಲರೂ ಅವಳ ಕಡೆ ತಿರುಗಿದರು. ಆಗ ಅವಳು ಎರಡೂ ಕೈಗಳನ್ನು ಅಗಲಿಸಿದಳು.

ಯೋಧನ ಲೇಖನಿ ಕಾಗದದ ಮೇಲಿತ್ತು. ಮಗುವಿನ ಮಾತನ್ನು ಅವನು ಕೇಳುತ್ತಾನೋ ಇಲ್ಲವೋ ದಾಳ ಹಾಕಿ ನೋಡಿ ಎಂದರು ಮೇಷ್ಟ್ರು. ಸೋಫಾದಣ್ಣ ದಾಳ ಮುಟ್ಟಲಿಲ್ಲ.

“ಇದಕ್ಕೆ ದಾಳ ಯಾಕ್ರೀ? ನಿಲ್ಸು ಅಂದ್ಲು, ನಿಲ್ಸಿದೀನಿ.”

ಖಾಲಿ ನಿಲುವಂಗಿ ಎದ್ದಿತು. ಮೊದಲು ಎರಗಿದ್ದು ಗುಟ್ಟು ಕಂಡವಳ ಮೇಲೇ. ಮೇಷ್ಟ್ರು ರಟ್ಟಿನ ಮರೆಯನ್ನು ಮಡಚಿ ಕೆಳಗಿಟ್ಟರು. ಇಪ್ಪತ್ತು ಮುಖದ ದಾಳ ಮೇಜಿನ ನಡುವೆ, ಎಲ್ಲರ ಕಣ್ಣೆದುರು ಉರುಳಿತು. ಹತ್ತೊಂಬತ್ತು. ತಗುಲಿತು. ಎಷ್ಟು ತಗುಲಿತು ಎಂದು ನೋಡಲು ಆರು ಮುಖದ ದಾಳ ಎತ್ತಿಕೊಂಡರು. ಚೋಟಿಯ ಹಾಳೆಯಲ್ಲಿದ್ದ ಜೀವ ಆರೇ. ತಂಗಿ ಕಣ್ಣು ಮುಚ್ಚಿಕೊಂಡಿದ್ದಳು. ಮೇಷ್ಟ್ರ ಕೈ ತಡೆಯಲಿಲ್ಲ. ದಾಳ ಅಂಚಿನವರೆಗೂ ಉರುಳಿ, ಕ್ರೇನಕ್ಕನ ಗಲ್ಲದ ಹತ್ತಿರ ನಿಂತಿತು.

ಐದು.

ಮಾತ್ರೆ ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. ಮುದುಕಿಯ ಚೀಲದಲ್ಲಿ ಆರು ವರ್ಷದಿಂದ ತನ್ನ ಜೀವ ಉಳಿಸಿಕೊಳ್ಳಲೆಂದು ಕಾದಿಟ್ಟಿದ್ದ ಒಂದೇ ಒಂದು ಮದ್ದಿತ್ತು. ಅದು ಚೋಟಿಯ ಬಾಯಿಗೆ ಹೋಯಿತು. ಯೋಧ ಲೇಖನಿಯನ್ನೇ ನಿಲುವಂಗಿಗೆ ಚುಚ್ಚಿ ಹಿಡಿದ. ಬಿಲ್ಲುಗಾರ್ತಿ ಬೆಳ್ಳಿ ದೀಪವನ್ನು ಹೊಡೆದು ಉರುಳಿಸಿ ನಿಲುವಂಗಿಗೆ ಬೆಂಕಿ ಹಚ್ಚಿದಳು. ಹತ್ತು ನಿಮಿಷದಲ್ಲಿ ಆರು ವರ್ಷದ ಕಥೆ ಮುಗಿದು ಬೂದಿಯಾಯಿತು. ಚಹಾ ತಣ್ಣಗಾಗಿತ್ತು, ಅದನ್ನೇ ಕುಡಿದರು.

ಮೇಷ್ಟ್ರು ಬುಗ್ಗೆಯ ಚೀಟಿಯನ್ನು ನಾಲ್ಕಾಗಿ ಹರಿದರು. ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಮಗಳು ಎದ್ದಿರುತ್ತಾಳೆ, ಹೊರಡಬೇಕು ಎಂದರು, ಹೊರಡಲಿಲ್ಲ.

ಕ್ರೇನಕ್ಕ ಎದ್ದು ನಿಂತಳು. ಮಂಡಿ ಚಟಕ್ಕೆಂದಿತು. ತಂಗಿಯ ಹತ್ತಿರ ರಬ್ಬರ್ ಕೇಳಿ ತೆಗೆದುಕೊಂಡು, ತನ್ನ ಹಾಳೆಯ ವಯಸ್ಸಿನ ಜಾಗದಲ್ಲಿದ್ದ ಎಂಟನ್ನು ಅಳಿಸಿದಳು. ಅಲ್ಲಿ ಒಂಬತ್ತು ಎಂದು ಬರೆದಳು. ತಂಗಿ ಮುಖ ನೋಡಿದಾಗ, ಇಷ್ಟೆಲ್ಲ ಆದ ಮೇಲೆ ಎಂಟರಲ್ಲೇ ಇರು ಎಂದರೆ ಪಾಪ ಅಲ್ಲವೇ, ಬೆಳೆಯುವುದಿದ್ದರೆ ಹೀಗೆ ಬೆಳೆಯಲಿ ಎಂದಳು. ಸೋಫಾದಣ್ಣ ಆ ಹಾಳೆಯನ್ನು ನೋಡಿದ, ಮೋಟು ಸ್ಟೂಲನ್ನು ನೋಡಿದ.

ಮುಂದಿನ ಭಾನುವಾರ ಹೊಸ ಕಥೆ. ಕ್ರೇನಕ್ಕ ಸ್ಟೂಲು ಎಳೆದುಕೊಂಡು ಕೂತಳು, ಕೂತವಳು ಗಲ್ಲ ಮುಟ್ಟಿ ನೋಡಿಕೊಂಡಳು. ಗಲ್ಲ ಮೇಜಿಗೆ ತಾಗಲಿಲ್ಲ. ಬಗ್ಗಿ ನೋಡಿದರೆ ಸ್ಟೂಲಿನ ನಾಲ್ಕೂ ಕಾಲಿಗೆ ಒಂದೊಂದು ಬೆರಳು ದಪ್ಪದ ಮರದ ತುಂಡು, ಉಜ್ಜಿ ನುಣುಪು ಮಾಡಿ, ಹೊಸ ಮೊಳೆ ಹೊಡೆದು ಕೂರಿಸಿದ್ದು.

“ವರ್ಷಕ್ಕೆ ಒಂದು ಬೆರಳು,” ಎಂದ ಸೋಫಾದಣ್ಣ, ದಾಳ ಹುಡುಕುತ್ತಾ. “ಅದಕ್ಕಿಂತ ಜಾಸ್ತಿ ಕೇಳ್ಬೇಡ.”